ಸಮಾನಾರ್ಥಕ ಪದಗಳು ನಿಜಕ್ಕೂ ಸಮಾನವೇ?

ಬೆಂಗಳೂರು: ಕುಮಾರ ಪಾರ್ಕಿನ ಮರಗಳ ನೆರಳಿನಲ್ಲಿ ಸಂಜೆ ಹೊತ್ತು ಕುಳಿತು ಓದುವ ತರುಣ ತರುಣಿಯರ ಕೈಯಲ್ಲಿ ಒಂದು ಜೆರಾಕ್ಸ್ ಪಟ್ಟಿ ಕಾಣಿಸುತ್ತದೆ. ಎಡಗಡೆ ಇಂಗ್ಲಿಷಿನ ಅಪರೂಪದ ನಾಮಪದ, ಬಲಗಡೆ ಅದರ ಸಮಾನಾರ್ಥಕ. ಬ್ಯಾಂಕ್ ಪರೀಕ್ಷೆಯಾಗಲಿ, ವಿದೇಶಿ ವ್ಯಾಸಂಗದ ಪ್ರವೇಶ ಪರೀಕ್ಷೆಯಾಗಲಿ, ಇಂಗ್ಲಿಷ್ ಪದಸಂಪತ್ತು ಇಲ್ಲದೆ ದಾಟುವುದು ಕಷ್ಟ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗಂತೂ ಈ ಪಟ್ಟಿಯೇ ಪಂಚಪ್ರಾಣ. ದಿನಕ್ಕೆ ಐವತ್ತು ಪದಗಳಂತೆ ಉರು ಹೊಡೆಯುವವರೂ ಇದ್ದಾರೆ.

ತೊಡಕು ಇರುವುದೇ ಇಲ್ಲಿ. ಪಟ್ಟಿಯಲ್ಲಿ 'ನೊಟೊರೈಟಿ' ಎಂಬುದರ ಮುಂದೆ 'ಫೇಮ್' ಎಂದು ಬರೆದಿದೆ ಎಂದಿಟ್ಟುಕೊಳ್ಳಿ. ಅದನ್ನು ನಂಬಿದ ಅಭ್ಯರ್ಥಿಯೊಬ್ಬರು ಉದ್ಯೋಗದ ಅರ್ಜಿಯಲ್ಲಿ 'ತಮ್ಮ ಸಂಸ್ಥೆಯ ನೊಟೊರೈಟಿಯನ್ನು ಕೇಳಿ ಅರ್ಜಿ ಸಲ್ಲಿಸುತ್ತಿದ್ದೇನೆ' ಎಂದು ಬರೆದರೆ ಗತಿಯೇನು? ಆ ಪದಕ್ಕೆ ಕನ್ನಡದಲ್ಲಿ ಇರುವ ಮಾತು ಕುಖ್ಯಾತಿ. ಖ್ಯಾತಿಗೂ ಕುಖ್ಯಾತಿಗೂ ಇರುವ ಅಂತರ ಆ ಅಭ್ಯರ್ಥಿಗೆ ಚೆನ್ನಾಗಿ ಗೊತ್ತು; ಪಟ್ಟಿಗೆ ಗೊತ್ತಿಲ್ಲ.

ಊರಿನ ಹೆಸರುಗಳಲ್ಲೇ ಪಾಠ

ಸಮಾನಾರ್ಥಕ ಪದಗಳ ಸ್ವಭಾವವನ್ನು ಅರಿಯಲು ದೂರ ಹೋಗಬೇಕಿಲ್ಲ. ಕುಮಾರ ಪಾರ್ಕ್ ಎಂಬ ಹೆಸರನ್ನೇ ನೋಡಿ. ಕುಮಾರ ಸಂಸ್ಕೃತದ್ದು, ಪಾರ್ಕ್ ಇಂಗ್ಲಿಷಿನದು. ಆ ಪಾರ್ಕ್ ಕೂಡ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಪದ. ಅರಸರ ಬೇಟೆಗೆಂದು ಬೇಲಿ ಹಾಕಿ ಕಾದಿಟ್ಟ ಭೂಮಿ ಎಂಬುದು ಅದರ ಹಳೆಯ ಅರ್ಥ. 1760ರಲ್ಲಿ ಹೈದರ್ ಅಲಿ ಆರಂಭಿಸಿದ ಲಾಲ್‌ಬಾಗಿನ 'ಬಾಗ್' ಪಾರಸಿಯದು. ಬೆಂಗಳೂರಿಗೆ ಅಂಟಿದ ಬಿರುದು 'ಉದ್ಯಾನ ನಗರಿ'; ಉದ್ಯಾನ ಸಂಸ್ಕೃತದಿಂದ ಬಂದದ್ದು. ಲಾಲ್‌ಬಾಗನ್ನು ನೋಡಿಕೊಳ್ಳುವುದು ತೋಟಗಾರಿಕೆ ಇಲಾಖೆ. ತೋಟ ನಮ್ಮದೇ ಆದ ದೇಶ್ಯ ಪದ.

ತೋಟ, ಉದ್ಯಾನ, ಬಾಗ್, ಪಾರ್ಕ್ ಈ ನಾಲ್ಕೂ ನಿಘಂಟಿನಲ್ಲಿ ಒಂದೇ ಸಾಲಿನಲ್ಲಿ ನಿಂತಾವು. ಆದರೆ ಅಡಿಕೆ ಉದ್ಯಾನ ಎಂದು ಯಾವ ರೈತರೂ ಹೇಳುವುದಿಲ್ಲ. ಬೆಳಗಿನ ವಾಯುವಿಹಾರಕ್ಕೆ ಹೋಗುವವರು ಪಾರ್ಕಿಗೆ ಹೋಗುತ್ತಾರೆಯೇ ಹೊರತು ತೋಟಕ್ಕಲ್ಲ. ವಸ್ತು ಹತ್ತಿರದ್ದಾದರೂ ಪ್ರತಿಯೊಂದು ಪದಕ್ಕೂ ತನ್ನದೇ ಆದ ತೂಕವಿದೆ, ಬಳಗವಿದೆ.

ಇಂಗ್ಲಿಷಿನ ಕಥೆಯೂ ಇದೇ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಳುವವರ ಫ್ರೆಂಚ್ ಜನರ ನುಡಿಯ ಮೇಲೆ ಪದರವಾಗಿ ಕುಳಿತಿತು. ವಿದ್ವಾಂಸರು ಲ್ಯಾಟಿನ್ ಪದಗಳನ್ನು ತಂದು ಸೇರಿಸಿದರು. ಹೀಗಾಗಿ ಒಂದೇ ಭಾವಕ್ಕೆ ಹಲವು ಪದಗಳು. 'ಫಿಯರ್' ಹಳೆಯ ಇಂಗ್ಲಿಷಿನದು. 'ಟೆರರ್' ಫ್ರೆಂಚಿನ ದಾರಿಯಾಗಿ ಬಂದದ್ದು. 'ಟ್ರೆಪಿಡೇಷನ್' ಲ್ಯಾಟಿನ್ ಮೂಲದ್ದು. ನಡುಕದ ಅರ್ಥ ಅದರ ಬೇರಿನಲ್ಲಿದೆ. ಪಟ್ಟಿಗಳು ಮೂರಕ್ಕೂ 'ಭಯ' ಎಂದು ಬರೆದು ಕೈ ತೊಳೆದುಕೊಳ್ಳುತ್ತವೆ. ಆದರೆ ಸಂದರ್ಶನದ ಕೊಠಡಿಯ ಬಾಗಿಲ ಬಳಿ ನಿಂತಾಗ ಆಗುವ ಅಳುಕು ಇದೆಯಲ್ಲ, ಅದು ಟ್ರೆಪಿಡೇಷನ್. ಅಂಜಿಕೆ, ಭೀತಿ, ಅಳುಕು ಬೇರೆ ಬೇರೆ ಎಂದು ಬಲ್ಲ ಕನ್ನಡಿಗರಿಗೆ ಇದು ಕಷ್ಟವಲ್ಲ.

ಇನ್ನೊಂದು ಉದಾಹರಣೆ 'ಡರ್ತ್'. ದುಬಾರಿ ಎಂಬರ್ಥದ 'ಡಿಯರ್' ಪದದಿಂದ ಹುಟ್ಟಿ, ಧಾನ್ಯ ದುಬಾರಿಯಾದ ಕಾಲ, ಅಂದರೆ ಕ್ಷಾಮ ಎಂಬರ್ಥ ತಳೆದು, ಕೊನೆಗೆ ಯಾವುದೇ ವಸ್ತುವಿನ ಕೊರತೆಗೂ ಸಂದಿತು. ನಾವು 'ಬರ' ಎಂಬ ಪದವನ್ನು ಮಳೆಯಿಂದ ಎತ್ತಿ 'ಮಾತಿಗೇನು ಬರವೇ' ಎಂದು ಬಳಸುವುದಿಲ್ಲವೇ? ಎರಡರ ನಡೆಯೂ ಒಂದೇ.

ಅಮರಕೋಶದಿಂದ ಥಿಸಾರಸ್‌ವರೆಗೆ

ಸಮಾನಾರ್ಥಕಗಳನ್ನು ಕಂಠಪಾಠ ಮಾಡುವ ಪದ್ಧತಿ ನಮಗೆ ಹೊಸದಲ್ಲ. ಅಮರಸಿಂಹನ ಅಮರಕೋಶದ ನಿಜವಾದ ಹೆಸರು 'ನಾಮಲಿಂಗಾನುಶಾಸನ'. ಹೆಸರೇ ಹೇಳುವಂತೆ ಅದು ಮುಖ್ಯವಾಗಿ ನಾಮಪದಗಳ ಕೋಶ. ತಲೆಮಾರುಗಳ ಕಾಲ ಮಕ್ಕಳು ಅದನ್ನು ಬಾಯಿಪಾಠ ಮಾಡಿದರು. ಆದರೆ ಅಮರಸಿಂಹ ಎಲ್ಲವನ್ನೂ ಒಂದೇ ರಾಶಿಗೆ ಸುರಿಯಲಿಲ್ಲ. ನೆಟ್ಟು ಬೆಳೆಸಿದ ವನ ಉಪವನ, ಅರಸನದಾದರೆ ಉದ್ಯಾನ, ಅಂತಃಪುರಕ್ಕೆ ಮೀಸಲಾದದ್ದು ಪ್ರಮದವನ, ಅಮಾತ್ಯರ ಮನೆಯದು ವೃಕ್ಷವಾಟಿಕೆ ಎಂದು ಬೇರ್ಪಡಿಸಿದ. ಕನ್ನಡದಲ್ಲಿ ನಾಗವರ್ಮನ 'ಅಭಿಧಾನ ವಸ್ತುಕೋಶ' ಸಂಸ್ಕೃತ ಪದಗಳಿಗೆ ಕನ್ನಡದ ಅರ್ಥ ಒದಗಿಸಿತು.

ವೈದ್ಯರಾಗಿದ್ದ ಪೀಟರ್ ಮಾರ್ಕ್ ರೋಜೆ 1852ರಲ್ಲಿ ಇಂಗ್ಲಿಷಿನ ಪ್ರಸಿದ್ಧ ಥಿಸಾರಸ್ ಪ್ರಕಟಿಸಿದಾಗ, ಪದಗಳನ್ನು ವಿಷಯಾನುಸಾರ ಜೋಡಿಸಿದ ಕೃತಿಗಳ ಪೈಕಿ ಅತ್ಯಂತ ಹಳೆಯದೆಂದು ಹೆಸರಿಸಿದ್ದು ಈ ಅಮರಕೋಶವನ್ನೇ. ಕೋಲ್‌ಬ್ರೂಕ್ ಅವರ ಇಂಗ್ಲಿಷ್ ಅನುವಾದ 1808ರಲ್ಲಿ ಸೆರಾಂಪುರದಲ್ಲಿ ಅಚ್ಚಾಗಿತ್ತು. ಗ್ರೀಕಿನಲ್ಲಿ ಥಿಸಾರಸ್ ಎಂದರೆ ಭಂಡಾರ. ಕೋಶ ಎಂದರೂ ಭಂಡಾರವೇ ಎಂಬುದು ಗಮನಾರ್ಹ.

ಕಲಿಯುವುದು ಹೇಗೆ?

ಪರೀಕ್ಷೆಗಳೂ ಬದಲಾಗಿವೆ. ಜಿಆರ್‌ಇ ಪರೀಕ್ಷೆ 2011ರ ಆಗಸ್ಟ್‌ನಲ್ಲಿ ಬಿಡಿ ಪದ ಕೊಟ್ಟು ವಿರುದ್ಧಾರ್ಥಕ ಕೇಳುವುದನ್ನು ಕೈಬಿಟ್ಟಿತು. ಅಲ್ಲಿಂದೀಚೆಗೆ, ಆರು ಪದಗಳಲ್ಲಿ ವಾಕ್ಯಕ್ಕೆ ಹೊಂದುವ ಹಾಗೂ ಒಂದೇ ಅರ್ಥ ಕೊಡುವ ಎರಡನ್ನು ಆರಿಸಬೇಕಾಗುತ್ತದೆ. ವಾಕ್ಯವಿಲ್ಲದೆ ಕಲಿತ ಪದ ಅಲ್ಲಿ ಕೈಕೊಡುತ್ತದೆ.

ಆದ್ದರಿಂದ ನೋಟ್‌ಬುಕ್ಕಿನ ಪುಟವನ್ನು ನಾಲ್ಕು ಭಾಗ ಮಾಡಿಕೊಳ್ಳುವುದು ಲೇಸು. ಮೊದಲನೆಯದರಲ್ಲಿ ಅಪರೂಪದ ಪದ, ಎರಡನೆಯದರಲ್ಲಿ ಅದರ ಸರಳ ಇಂಗ್ಲಿಷ್ ಪದ, ಮೂರನೆಯದರಲ್ಲಿ ಮನೆಮಾತಿನ ಕನ್ನಡ, ನಾಲ್ಕನೆಯದರಲ್ಲಿ ಅದನ್ನು ಎಲ್ಲಿ ಬಳಸಬಾರದು ಎಂಬ ಸೂಚನೆ. 'ಅಲಾಕ್ರಿಟಿ' ಎಂಬುದಕ್ಕೆ ಪಟ್ಟಿಗಳು 'ವೇಗ' ಎನ್ನುತ್ತವೆ. ನಿಜದಲ್ಲಿ ಅದು ಕರೆದೊಡನೆ ತುದಿಗಾಲಲ್ಲಿ ಓಡಿಬರುವ ಉತ್ಸಾಹ. ನಾಲ್ಕನೆಯ ಭಾಗದಲ್ಲಿ 'ಬಸ್ಸಿನ ವೇಗಕ್ಕೆ ಸಲ್ಲದು' ಎಂದು ಬರೆದರೆ ಪದ ಮರೆತುಹೋಗದು. ದಿನಕ್ಕೆ ಐದು ಪದ ಸಾಕು.

ಈ ವಿಧಾನದಲ್ಲಿ ಮೂರನೆಯ ಭಾಗವೇ ಬೆನ್ನೆಲುಬು. ಅಳುಕು, ಒಲವು, ಬರ ಮುಂತಾದ ಪದಗಳು ಮನೆಯಲ್ಲಿ ಕೇಳಿಬರದಿದ್ದರೆ ಆ ಜಾಗ ಖಾಲಿ ಉಳಿಯುತ್ತದೆ. ಇಂಗ್ಲಿಷ್ ಬರಲಿ ಎಂದು ಮನೆಯಿಂದ ಕನ್ನಡವನ್ನು ದೂರವಿಡುವ ನಗರದ ಪೋಷಕರು ಯೋಚಿಸಬೇಕಾದ ಮಾತಿದು. ತೋಟಕ್ಕೂ ಉದ್ಯಾನಕ್ಕೂ ವ್ಯತ್ಯಾಸ ಬಲ್ಲ ಮಗುವಿಗೆ ಇಂಗ್ಲಿಷಿನ ಸೂಕ್ಷ್ಮವನ್ನು ಅರ್ಧ ಕಲಿಸಿದಂತೆಯೇ.