ವಿದ್ಯುತ್ ಎಂಜಿನಿಯರಿಂಗ್ ಪದವಿಯಲ್ಲಿ ಗಣಕ ವಿಜ್ಞಾನ ಮೈನರ್

ಗಣಕ ವಿಜ್ಞಾನ ಮೈನರ್ ಎಂಬುದು ವಿದ್ಯುತ್ ಎಂಜಿನಿಯರಿಂಗನ್ನು ಮುಖ್ಯ ವಿಷಯವಾಗಿ ಓದುವ ವಿದ್ಯಾರ್ಥಿಯು ಅದೇ ಪದವಿಯ ಅವಧಿಯಲ್ಲಿ ಗಣಕ ವಿಜ್ಞಾನದ ನಿಗದಿತ ಪಠ್ಯಗಳನ್ನು ಹೆಚ್ಚುವರಿಯಾಗಿ ಪೂರೈಸಿ ಪಡೆಯುವ ಉಪಮನ್ನಣೆ. ಇದು ಎರಡನೆಯ ಪದವಿಯಲ್ಲ; ಇದರಿಂದ ಮುಖ್ಯ ಶಾಖೆಯೂ ಬದಲಾಗುವುದಿಲ್ಲ.

ಹಿನ್ನೆಲೆ

ಈ ಎರಡು ಶಾಖೆಗಳ ನಂಟು ಹಳೆಯದು. ಕ್ಲಾಡ್ ಶಾನನ್ 1937ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಸಲ್ಲಿಸಿದ ಸ್ನಾತಕೋತ್ತರ ಪ್ರಬಂಧದಲ್ಲಿ, ರಿಲೇ ಮತ್ತು ಸ್ವಿಚ್‌ಗಳ ಮಂಡಲಗಳನ್ನು ಬೂಲಿಯನ್ ಬೀಜಗಣಿತದಿಂದ ವಿಶ್ಲೇಷಿಸಬಹುದೆಂದು ತೋರಿಸಿದರು. ಡಿಜಿಟಲ್ ಗಣಕಗಳ ವಿನ್ಯಾಸಕ್ಕೆ ಇದು ತಳಹದಿಯಾಯಿತು. ಅದೇ ಸಂಸ್ಥೆಯ ವಿದ್ಯುತ್ ಎಂಜಿನಿಯರಿಂಗ್ ವಿಭಾಗವು 1975ರಲ್ಲಿ ತನ್ನ ಹೆಸರಿಗೆ ಗಣಕ ವಿಜ್ಞಾನವನ್ನೂ ಸೇರಿಸಿಕೊಂಡಿತು.

ಭಾರತದಲ್ಲಿನ ವ್ಯವಸ್ಥೆ

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2018ರಲ್ಲಿ ಪ್ರಕಟಿಸಿದ ಮಾದರಿ ಪಠ್ಯಕ್ರಮವು ನಾಲ್ಕು ವರ್ಷಗಳ ಎಂಜಿನಿಯರಿಂಗ್ ಪದವಿಗೆ 160 ಕ್ರೆಡಿಟ್‌ಗಳನ್ನು ಸೂಚಿಸುತ್ತದೆ. ಆನರ್ಸ್ ಅಥವಾ ಮೈನರ್ ಬಯಸುವವರು ಇನ್ನೂ 20 ಕ್ರೆಡಿಟ್ ಗಳಿಸಬೇಕು. ವಾರಕ್ಕೆ ಒಂದು ಗಂಟೆಯ ಬೋಧನೆ ಅಥವಾ ಎರಡು ಗಂಟೆಯ ಪ್ರಯೋಗಕ್ಕೆ ಒಂದು ಕ್ರೆಡಿಟ್. ಹೀಗಾಗಿ ಮೈನರ್ ಎಂದರೆ ನಾಲ್ಕು ಕ್ರೆಡಿಟ್‌ಗಳ ಸುಮಾರು ಐದು ಪಠ್ಯಗಳ ಹೊರೆ. ವಿವರವಾದ ನಿಯಮಗಳು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಭಿನ್ನವಾಗಿರುತ್ತವೆ.

ಪಠ್ಯವಿಷಯಗಳು

ವಿದ್ಯುತ್ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಗಣಿತ, ಡಿಜಿಟಲ್ ಎಲೆಕ್ಟ್ರಾನಿಕ್ಸ್ ಹಾಗೂ ಮೈಕ್ರೊಪ್ರೊಸೆಸರ್‌ಗಳ ಪರಿಚಯ ಮೊದಲೇ ಇರುತ್ತದೆ. ಅವನ ಪಠ್ಯದಲ್ಲಿ ಸಾಮಾನ್ಯವಾಗಿ ಕಾಣದಿರುವುದು ದತ್ತಾಂಶ ರಚನೆ, ಅಲ್ಗಾರಿದಮ್, ಆಪರೇಟಿಂಗ್ ಸಿಸ್ಟಮ್ ಮತ್ತು ದತ್ತಸಂಚಯಗಳು. ಮೈನರ್ ಮುಖ್ಯವಾಗಿ ಈ ಕೊರತೆಯನ್ನು ತುಂಬುತ್ತದೆ.

ಉಪಯೋಗ

ವಿದ್ಯುತ್ ಜಾಲದ ಲೋಡ್ ಫ್ಲೋ ಲೆಕ್ಕಾಚಾರ ಇದಕ್ಕೊಂದು ನಿದರ್ಶನ. ಪ್ರತಿ ಉಪಕೇಂದ್ರದ ವೋಲ್ಟೇಜನ್ನೂ ಪ್ರತಿ ಮಾರ್ಗದಲ್ಲಿ ಹರಿಯುವ ವಿದ್ಯುತ್ತನ್ನೂ ಕಂಡುಹಿಡಿಯುವ ಸಮೀಕರಣಗಳು ವಿದ್ಯುತ್ ಎಂಜಿನಿಯರಿಂಗ್‌ನವು. ಆದರೆ ಒಂದು ಉಪಕೇಂದ್ರಕ್ಕೆ ಬೇರೆ ಕೆಲವೇ ಕೇಂದ್ರಗಳೊಡನೆ ನೇರ ಸಂಪರ್ಕವಿರುವುದರಿಂದ, ಆ ಸಮೀಕರಣಗಳ ಮಾತೃಕೆಯಲ್ಲಿ ಬಹುಪಾಲು ಸೊನ್ನೆಗಳೇ ಇರುತ್ತವೆ. ಸೊನ್ನೆಗಳನ್ನು ಬಿಟ್ಟು ಉಳಿದವನ್ನಷ್ಟೇ ಸಂಗ್ರಹಿಸುವ ದತ್ತಾಂಶ ರಚನೆಯನ್ನು ಅರಿಯದಿದ್ದರೆ ದೊಡ್ಡ ಜಾಲದ ಲೆಕ್ಕವನ್ನು ಬೇಗ ಮುಗಿಸಲಾಗದು. ಟಿನ್ನಿ ಮತ್ತು ಹಾರ್ಟ್ 1967ರಲ್ಲಿ ನ್ಯೂಟನ್ ವಿಧಾನವನ್ನು ಈ ಸಮಸ್ಯೆಗೆ ಪ್ರಾಯೋಗಿಕವಾಗಿ ಅಳವಡಿಸಿದ್ದು ಇಂತಹ ತಂತ್ರದ ನೆರವಿನಿಂದಲೇ.

ಮಿತಿಗಳು

ಗಣಕ ವಿಜ್ಞಾನದ ಪದವಿಯನ್ನೇ ಅರ್ಹತೆಯಾಗಿ ಕೇಳುವ ಹುದ್ದೆಗಳಿಗೆ ಮೈನರ್ ಸಾಲುತ್ತದೆಂಬ ಖಾತರಿಯಿಲ್ಲ. ಅಧಿಸೂಚನೆಯ ಪದಗಳನ್ನು ಪರಿಶೀಲಿಸುವುದು ಅಗತ್ಯ. ಗೇಟ್ ಪರೀಕ್ಷೆಯಲ್ಲಿ ಗಣಕ ವಿಜ್ಞಾನದ ಪತ್ರಿಕೆ ಬರೆಯಲು ಮೈನರ್ ಕಡ್ಡಾಯವಲ್ಲ. ಹೆಚ್ಚುವರಿ ಪಠ್ಯಗಳ ಒತ್ತಡದಲ್ಲಿ ಮುಖ್ಯ ಶಾಖೆಯ ಅಂಕಗಳು ಕುಸಿದರೆ, ಅದರಿಂದಾಗುವ ನಷ್ಟವನ್ನು ಮೈನರ್ ತುಂಬಿಕೊಡಲಾರದು. ಪ್ರೋಗ್ರಾಮಿಂಗ್ ಕಲಿಯುವುದಷ್ಟೇ ಉದ್ದೇಶವಾಗಿದ್ದಲ್ಲಿ, ಮೈನರ್‌ಗೆ ನೋಂದಾಯಿಸದೆ ಒಂದೆರಡು ಐಚ್ಛಿಕ ವಿಷಯಗಳನ್ನು ಆರಿಸಿಕೊಳ್ಳಲೂ ಅವಕಾಶವಿರುತ್ತದೆ.