ಗುಳೆ ಹೋದರೂ ರೇಷನ್, ಲಸಿಕೆ, ಚಿಕಿತ್ಸೆ ನಿಲ್ಲಬೇಕಿಲ್ಲ: ವಲಸೆ ಕೂಲಿ ಕುಟುಂಬಗಳಿಗೆ ಇಲ್ಲಿದೆ ಮಾಹಿತಿ

ಸಂಗನಕಲ್ಲು: ಭತ್ತದ ನಾಟಿ, ಹತ್ತಿ ಮತ್ತು ಮೆಣಸಿನಕಾಯಿ ಬಿಡಿಸೋ ಸಮಯ ಬಂತೆಂದರೆ ಸಿರುಗುಪ್ಪ, ಕುರುಗೋಡು ಕಡೆಯ ಹೊಲಗಳಿಗೆ ಹೊರಗಿನ ಕೂಲಿಕಾರರು ಬರುತ್ತಾರೆ. ನಮ್ಮವರೂ ಅಷ್ಟೇ, ಕೆಲಸ ಕಮ್ಮಿಯಾದರೆ ಗಂಟು ಮೂಟೆ ಕಟ್ಟಿ ಬೆಂಗಳೂರಿಗೆ ಗುಳೆ ಹೋಗುತ್ತಾರೆ.

ಹೀಗೆ ಊರು ಬಿಟ್ಟ ಕುಟುಂಬದಲ್ಲಿ ಮೊದಲು ಕೆಡೋದು ಆರೋಗ್ಯ. ದುಡ್ಡಿಲ್ಲ ಅನ್ನೋದು ಒಂದು ಕಾರಣ. ಇನ್ನೊಂದು, ಊರಲ್ಲಿ ನಡೀತಿದ್ದ ಲಸಿಕೆ, ಮಾತ್ರೆ, ರೇಷನ್ ಅರ್ಧಕ್ಕೇ ನಿಂತುಬಿಡುತ್ತೆ. 'ನಾವು ಈ ಊರಿನವರಲ್ಲ, ಇಲ್ಲಿ ಕೊಡಲ್ಲ' ಅಂತ ಎಷ್ಟೋ ಜನ ಕೇಳೋಕೇ ಹೋಗಲ್ಲ. ಆದರೆ ಇವೆಲ್ಲ ಇದ್ದ ಊರಲ್ಲೇ ಸಿಗುತ್ತವೆ.

ರೇಷನ್ ಎಲ್ಲಿ ಬೇಕಾದರೂ

'ಒಂದು ದೇಶ, ಒಂದು ರೇಷನ್ ಕಾರ್ಡ್' ಯೋಜನೆ 2022ರಿಂದ ಎಲ್ಲ ರಾಜ್ಯಗಳಲ್ಲೂ ಇದೆ. ಕಾರ್ಡಿಗೆ ಆಧಾರ್ ಜೋಡಣೆಯಾಗಿದ್ದರೆ ಸಾಕು, ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಬೆರಳಚ್ಚು ಕೊಟ್ಟು ಪಡೀಬಹುದು. ಹೊಸ ಕಾರ್ಡ್ ಬೇಡ. ಮನೆಯವರು ಒಂದಷ್ಟು ಪಾಲು ಊರಲ್ಲಿ, ದುಡಿಯೋಕೆ ಹೋದವರು ಉಳಿದದ್ದನ್ನ ಇಲ್ಲಿ ತಗೊಳ್ಳಬಹುದು. ನೆನಪಿರಲಿ: ಬೇರೆ ರಾಜ್ಯದ ಬಿಪಿಎಲ್ ಕಾರ್ಡಿಗೆ ಕೇಂದ್ರದ ಪಾಲು, ಅಂದರೆ ತಲೆಗೆ 5 ಕೆಜಿ ಮಾತ್ರ. ನಮ್ಮ ರಾಜ್ಯ ಕೊಡೋ ಹೆಚ್ಚುವರಿ ಸಿಗಲ್ಲ.

ಬಸುರಿ, ಬಾಣಂತಿ, ಮಕ್ಕಳು

ತಾಯಿ ಕಾರ್ಡ್ ಜೊತೆಗೇ ಇಟ್ಟುಕೊಳ್ಳಿ. ಅದನ್ನ ತೋರಿಸಿದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮುಂದುವರಿಯುತ್ತೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಆದರೂ, ಉಚಿತ.

ಮಗುವಿಗೆ ಹುಟ್ಟಿದಾಗ, ಆಮೇಲೆ ಒಂದೂವರೆ, ಎರಡೂವರೆ, ಮೂರೂವರೆ ಮತ್ತು 9 ತಿಂಗಳಿಗೆ, ಮತ್ತೆ ಒಂದೂವರೆ ವರ್ಷಕ್ಕೆ ಲಸಿಕೆ ಇರುತ್ತೆ. ಒಂದು ತಪ್ಪಿದರೆ ಮೊದಲಿಂದ ಶುರು ಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಹೊಸದಾಗಿ ಬಂದವರು ಮೊದಲ ವಾರದಲ್ಲೇ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ಹೆಸರು ಬರೆಸಿದರೆ ಒಳ್ಳೇದು.

ಶಾಲೆಯ ವಿಷಯದಲ್ಲೂ ಹಾಗೇ. 6ರಿಂದ 14 ವರ್ಷದ ಮಗುವನ್ನ ಟಿಸಿ ಇಲ್ಲ ಅಂತ ವಾಪಸ್ ಕಳಿಸೋ ಹಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಹಾಗೆ ಹೇಳುತ್ತೆ.

ಎರಡು ವಾರದ ಕೆಮ್ಮು

ಹೆಚ್ಚು ಎಚ್ಚರ ಬೇಕಾಗಿರೋದು ಇಲ್ಲಿ. ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಕ್ಷಯ ಅಂತ ಗೊತ್ತಾದರೆ ಸಾಮಾನ್ಯವಾಗಿ 6 ತಿಂಗಳು ಮಾತ್ರೆ. 'ಈಗ ಆರಾಮಿದೀನಿ' ಅಂತ ನಡುವೆ ಬಿಟ್ಟರೆ ಮಾತ್ರೆಗೆ ಬಗ್ಗದ ಕ್ಷಯ ಬರಬಹುದು, ಅದು ಮನೆಮಂದಿಗೂ ಹರಡುತ್ತೆ. ಊರು ಬಿಡೋ ಮುಂಚೆ ಆಸ್ಪತ್ರೆಗೆ ಹೇಳಿ, ನಿಕ್ಷಯ್ ನಂಬರ್ ಬರೆದುಕೊಳ್ಳಿ. ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲೇ ಮಾತ್ರೆ ಸಿಗುತ್ತೆ. ಚಿಕಿತ್ಸೆ ಮುಗಿಯೋವರೆಗೂ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂ. ಬ್ಯಾಂಕ್ ಖಾತೆಗೆ ಬರುತ್ತೆ.

ಕಲ್ಲು ಒಡೆಯೋರು, ಕ್ರಷರ್‌ನಲ್ಲಿ ದುಡಿಯೋರು ಇನ್ನೂ ಹುಷಾರಾಗಿರಬೇಕು. ಕಲ್ಲಿನ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತೆ. ಅದಕ್ಕೆ ಪೂರ್ತಿ ವಾಸಿ ಮಾಡೋ ಮದ್ದಿಲ್ಲ, ಕ್ಷಯ ಬರೋ ಸಾಧ್ಯತೆಯೂ ಹೆಚ್ಚು. ಮೂಗಿಗೆ ಟವೆಲ್ ಕಟ್ಟಿದರೆ ಆ ಧೂಳು ತಡೆಯಲ್ಲ. ನೀರು ಹಾಯಿಸಿ ಕೆಲಸ ಮಾಡಿಸಬೇಕು, ಸರಿಯಾದ ಮಾಸ್ಕ್ ಕೊಡಬೇಕು. ಇದು ಮಾಲೀಕರ ಜವಾಬ್ದಾರಿ.

ಅಂಗಡಿಯವರು ಏನು ಮಾಡಬಹುದು?

ಹೊಸಬರು ಬಂದ ಸುದ್ದಿ ಮೊದಲು ಗೊತ್ತಾಗೋದೇ ಕಿರಾಣಿ ಅಂಗಡಿಗೆ, ಮೆಡಿಕಲ್ ಶಾಪಿಗೆ.

* ಕೆಮ್ಮಿನ ಸಿರಪ್ ಪದೇ ಪದೇ ಕೇಳೋರಿಗೆ 'ಎಷ್ಟು ದಿನ ಆಯ್ತು?' ಅಂತ ಕೇಳಿ. ಎರಡು ವಾರ ಅಂದರೆ ಆಸ್ಪತ್ರೆಗೆ ಕಳಿಸಿ.
* ಕಂಕುಳಲ್ಲಿ ಕೂಸಿದ್ದರೆ ಅಂಗನವಾಡಿ ದಾರಿ ತೋರಿಸಿ.
* ನ್ಯಾಯಬೆಲೆ ಅಂಗಡಿಯವರು ಬೇರೆ ಊರಿನ ಕಾರ್ಡ್ ಅಂತ ವಾಪಸ್ ಕಳಿಸಬೇಡಿ.

ಈ ನಂಬರ್‌ಗಳನ್ನ ಅಂಗಡಿ ಗೋಡೆಗೆ ಅಂಟಿಸಿ: ಆಂಬುಲೆನ್ಸ್ 108, ಆರೋಗ್ಯ ಸಹಾಯವಾಣಿ 104, ರೇಷನ್ ದೂರು 1967, ಕಾರ್ಮಿಕ ಸಹಾಯವಾಣಿ 155214, ಮಕ್ಕಳ ಸಹಾಯವಾಣಿ 1098.

ನಮ್ಮವರು ಬೇರೆ ಊರಿಗೆ ದುಡಿಯೋಕೆ ಹೋದಾಗ ಅಲ್ಲಿನ ಅಂಗಡಿಯವರೂ ಇಷ್ಟು ಹೇಳಿದರೆ ಸಾಕು ಅಂತ ನಮಗೂ ಅನಿಸುತ್ತಲ್ಲ.