ಕುಟುಂಬ ಪ್ರವಾಸಕ್ಕೆ ಶೌಚ ಡೇರೆ: ಸಣ್ಣ ಉದ್ದಿಮೆಗಳಿಗೊಂದು ಅವಕಾಶ

ಊರಾಚೆ ಬಿಡಾರ ಹೂಡಿ ಒಂದೆರಡು ದಿನ ತಂಗುವ ಹವ್ಯಾಸವು ಇಂದು ಯುವಜನರಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ, ದಾಂಡೇಲಿಯ ಕಾಳಿ ನದಿಯ ಆಸುಪಾಸಿಗೆ ಡೇರೆಯ ವಾಸ ಬಯಸಿ ಬರುವವರಲ್ಲಿ ಮಕ್ಕಳು, ಮಹಿಳೆಯರು, ಹಿರಿಯರೂ ಇದ್ದಾರೆ. ಮಲಗಲು ಡೇರೆಯನ್ನೂ ಅಡುಗೆಗೆ ಒಲೆಯನ್ನೂ ಹೊಂದಿಸಿಕೊಳ್ಳುವ ಕುಟುಂಬವು ಶೌಚದ ವ್ಯವಸ್ಥೆಯನ್ನು ಮಾತ್ರ ಮರೆತುಬಿಡುತ್ತದೆ. ಪರಿಣಾಮವಾಗಿ ಮಹಿಳೆಯರು ನೀರು ಕುಡಿಯುವುದನ್ನೇ ಬಿಟ್ಟು ಕತ್ತಲಾಗುವುದನ್ನು ಕಾಯುತ್ತಾರೆ. ಇದು ಕೇವಲ ಮುಜುಗರದ ವಿಷಯವಲ್ಲ, ಆರೋಗ್ಯದ ವಿಷಯವೂ ಹೌದು. ಈ ಕೊರತೆಯನ್ನು ನೀಗುವ ಸರಳ ಸಾಧನವೇ ಶೌಚ ಡೇರೆ.

ರಚನೆ ಮತ್ತು ಬಟ್ಟೆಯ ಲೆಕ್ಕ

ಸಾಮಾನ್ಯವಾಗಿ ಇದರ ತಳವು 4 ಅಡಿ ಚೌಕ, ಎತ್ತರ 6ರಿಂದ 7 ಅಡಿ. ಉಕ್ಕಿನ ಸ್ಪ್ರಿಂಗ್ ಚೌಕಟ್ಟಿನದು ಬಿಡಿಸಿದೊಡನೆ ತಾನೇ ನಿಲ್ಲುತ್ತದೆ. ಕೊಳವೆ ಕಂಬಗಳದು ಜೋಡಿಸಲು ಕೆಲವು ನಿಮಿಷ ಬೇಡುತ್ತದೆಯಾದರೂ ಗಾಳಿಗೆ ಹೆಚ್ಚು ಗಟ್ಟಿ. ಹೊಲಿಗೆ ಘಟಕಗಳಿಗೆ ಎರಡನೆಯದೇ ಸುಲಭ. 60 ಅಂಗುಲ ಅಗಲದ ಪಾಲಿಯೆಸ್ಟರ್ ಬಟ್ಟೆಯಲ್ಲಿ ತಲಾ 2 ಮೀಟರಿನಂತೆ ನಾಲ್ಕು ಗೋಡೆಗಳಿಗೆ 8 ಮೀಟರ್, ಮಾಡಿಗೆ 1.2 ಮೀಟರ್, ಹೀಗೆ ಮಡಿಕೆ ಸೇರಿ ಸುಮಾರು ಒಂಬತ್ತೂವರೆ ಮೀಟರ್ ಸಾಕು. ಬದಿಯಲ್ಲಿ ಉಳಿಯುವ ಪಟ್ಟಿಯಿಂದ ಒಳಗಿನ ಕಿಸೆ, ಕಟ್ಟುಪಟ್ಟಿಗಳನ್ನು ಹೊಲಿಯಬಹುದು.

ತಯಾರಕರು ಗಮನಿಸಬೇಕಾದ ಮುಖ್ಯ ಪರೀಕ್ಷೆಯೊಂದಿದೆ. ರಾತ್ರಿ ಡೇರೆಯೊಳಗೆ ದೀಪವಿಟ್ಟು ಹೊರಗಿನಿಂದ ನೋಡಬೇಕು. ತೆಳುವಾದ, ತಿಳಿಬಣ್ಣದ ಬಟ್ಟೆಯಾದರೆ ಒಳಗಿರುವವರ ನೆರಳು ಸ್ಪಷ್ಟವಾಗಿ ಕಾಣುತ್ತದೆ. ಮರೆಗೆಂದು ಕೊಂಡ ವಸ್ತುವೇ ಮಾನ ಕಳೆಯುತ್ತದೆ. ಗಾಢ ಬಣ್ಣದ ಅಥವಾ ಒಳಮೈಗೆ ಬೆಳ್ಳಿ ಲೇಪವಿರುವ ಬಟ್ಟೆಯನ್ನೇ ಆರಿಸುವುದು ಲೇಸು. ಒಳಗಿನಿಂದಲೂ ಎಳೆಯಬಹುದಾದ ಜಿಪ್, ಬಟ್ಟೆ ತೂಗುಹಾಕಲು ಕೊಕ್ಕೆ, ಮೇಲ್ಭಾಗದಲ್ಲಿ ಜಾಲರಿ ಕಿಂಡಿ, ನಾಲ್ಕು ಮೂಲೆಗೂ ಹಗ್ಗ ಮತ್ತು ಗೂಟ ಅವಶ್ಯ.

ನಮ್ಮ ಬಳಕೆಗೆ ತಕ್ಕ ಮಾರ್ಪಾಡು

ಹೊರದೇಶಗಳ ಮಾದರಿಗಳು ಕಾಗದದ ಬಳಕೆಯನ್ನು ಲೆಕ್ಕಕ್ಕಿಟ್ಟು ರೂಪಿತವಾದವು. ನಮ್ಮಲ್ಲಿ ನೀರು ಬೇಕು. ಬಳಸಿದ ನೀರೆಲ್ಲ ತ್ಯಾಜ್ಯದ ಚೀಲ ಅಥವಾ ತೊಟ್ಟಿಯನ್ನು ಸೇರಿದರೆ ಅದು ಬೇಗನೆ ತುಂಬಿಬಿಡುತ್ತದೆ. ಆದುದರಿಂದ ಸಣ್ಣ ಧಾರೆಯ ಶೀಶೆಯನ್ನು ಜೊತೆಗೆ ಒದಗಿಸುವುದು ಉತ್ತಮ. ಮಂಡಿನೋವಿನ ಹಿರಿಯರಿಗಾಗಿ ಔಷಧ ಸಲಕರಣೆಯ ಅಂಗಡಿಗಳಲ್ಲಿ ದೊರೆಯುವ ಮಡಿಸುವ ಕಮೋಡ್ ಕುರ್ಚಿಯೇ ಸಾಕು.

ತ್ಯಾಜ್ಯವೇನಾಗಬೇಕು?

ಗ್ರಾಹಕನು ಕೇಳಲು ಸಂಕೋಚಪಡುವ, ಆದರೆ ವ್ಯಾಪಾರವನ್ನು ನಿರ್ಧರಿಸುವ ಪ್ರಶ್ನೆಯಿದು. ತೆಂಗಿನ ನಾರಿನ ಪುಡಿಯು ತನ್ನ ತೂಕದ ಹಲವು ಪಟ್ಟು ನೀರನ್ನು ಹೀರುತ್ತದೆ, ವಾಸನೆಯನ್ನೂ ತಗ್ಗಿಸುತ್ತದೆ. ತುಮಕೂರು, ಹಾಸನ ಜಿಲ್ಲೆಗಳ ನಾರಿನ ಘಟಕಗಳಲ್ಲಿ ಇದು ಲಭ್ಯ. ಗೊಬ್ಬರವಾಗುವ ಪ್ಲಾಸ್ಟಿಕ್ ಚೀಲಗಳನ್ನು ಮಾರುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರವಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ತೋಟದ ಮಾಲೀಕರು ಒಪ್ಪಿದಲ್ಲಿ, ಹೊಳೆ-ಬಾವಿಗಳಿಂದ ಕನಿಷ್ಠ 200 ಅಡಿ ದೂರದಲ್ಲಿ 6ರಿಂದ 8 ಅಂಗುಲ ಆಳದ ಗುಂಡಿ ತೋಡಿ, ಬಳಸಿದ ಬಳಿಕ ಮಣ್ಣು ಮುಚ್ಚಬಹುದು. ಅರಣ್ಯ ಪ್ರದೇಶದಲ್ಲಿ ಇಲಾಖೆಯ ಅನುಮತಿಯಿಲ್ಲದೆ ಬಿಡಾರ ಹೂಡುವಂತಿಲ್ಲ ಎಂಬುದನ್ನೂ ಗ್ರಾಹಕರಿಗೆ ತಿಳಿಸುವುದು ಮಾರಾಟಗಾರರ ಹೊಣೆ.

ಮಾರಾಟ ಮತ್ತು ಬಾಡಿಗೆ

ಸ್ಪ್ರಿಂಗ್ ಡೇರೆಯನ್ನು ಬಿಡಿಸುವುದು ಸುಲಭ, ಮಡಿಸುವುದು ಕಷ್ಟ. ಅಂಗಡಿಯಲ್ಲೇ ಮಡಿಸಿ ತೋರಿಸಿ, ಕನ್ನಡದಲ್ಲಿ ಸಚಿತ್ರ ಸೂಚನಾ ಪತ್ರ ನೀಡಿದರೆ ಸರಕು ಹಿಂದಿರುಗಿ ಬರುವುದು ತಪ್ಪುತ್ತದೆ. ವರ್ಷಕ್ಕೊಮ್ಮೆ ಪ್ರವಾಸ ಹೋಗುವವರಿಗೆ ಬಾಡಿಗೆಯೇ ಅನುಕೂಲವಾದ್ದರಿಂದ ಶಾಮಿಯಾನ ಅಂಗಡಿಗಳಿಗೂ ಇದು ಒಪ್ಪುವ ಬಾಬು. ಶಿವರಾತ್ರಿಯ ವೇಳೆಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಡುವ ತಂಡಗಳಿಂದಲೂ ಬೇಡಿಕೆ ನಿರೀಕ್ಷಿಸಬಹುದು. ಹಿಂದಿರುಗಿದ ಡೇರೆಯನ್ನು ತೊಳೆದು, ಪೂರ್ಣ ಒಣಗಿಸಿಯೇ ಮಡಿಸಬೇಕು. ಒದ್ದೆಯಾಗಿ ಮಡಿಸಿದರೆ ಬೂಷ್ಟು ಹಿಡಿದು, ಜಲನಿರೋಧಕ ಲೇಪವೂ ಅಂಟಂಟಾಗಿ ಹಾಳಾಗುತ್ತದೆ.

ಬಂಡವಾಳ ತೊಡಗಿಸುವ ಮುನ್ನ ಹತ್ತಾರು ಡೇರೆಗಳನ್ನಷ್ಟೇ ಹೊಲಿದು, ಬಳಸಿದ ಕುಟುಂಬಗಳ, ವಿಶೇಷವಾಗಿ ಮಹಿಳೆಯರ, ಅಭಿಪ್ರಾಯ ಪಡೆಯುವುದು ಸೂಕ್ತ. ಈ ಸರಕಿನ ನಿಜವಾದ ಪರೀಕ್ಷಕರು ಅವರೇ.